ಕಲ್ಲು ಮತ್ತು ಹುಲ್ಲು: ಕಾನ್ಸಾಸಿನ ಚೇಸ್ ಕೌಂಟಿಯ ಕಟ್ಟಡಗಳು

ಅಮೆರಿಕದ ವಾಸ್ತುಶಿಲ್ಪ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ನ್ಯೂಯಾರ್ಕ್, ಶಿಕಾಗೊ ನಗರಗಳ ಗಗನಚುಂಬಿ ಕಟ್ಟಡಗಳು. ಆ ದೇಶದ ಗ್ರಾಮಾಂತರ ಪ್ರದೇಶಗಳಿಗೂ ಒಂದು ಕಟ್ಟಡ ಪರಂಪರೆಯಿದೆಯೆಂಬುದು ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ರಾಜ್ಯದ ಕೆಳಗಿನ ಆಡಳಿತ ವಿಭಾಗವನ್ನು ಅಲ್ಲಿ ಕೌಂಟಿ ಎನ್ನುತ್ತಾರೆ. ಪ್ರತಿಯೊಂದು ಕೌಂಟಿಗೂ ಒಂದು ಆಡಳಿತ ಕೇಂದ್ರ, ಅಲ್ಲೊಂದು ಕೋರ್ಟ್‌ಹೌಸ್, ಸುತ್ತಲೂ ಹಳ್ಳಿಗಳು, ಶಾಲೆಗಳು, ಸೇತುವೆಗಳು ಇರುತ್ತವೆ. ಇಂಥ ಒಂದು ಸಣ್ಣ ಘಟಕವನ್ನು ಎತ್ತಿಕೊಂಡು, ಅಲ್ಲಿ ಯಾವ ಕಟ್ಟಡಗಳು ಉಳಿದಿವೆ, ಯಾವುವು ಉಳಿದಿಲ್ಲ, ಉಳಿದವು ಯಾರ ಕಥೆಯನ್ನು ಹೇಳುತ್ತವೆ ಎಂದು ಪರಿಶೀಲಿಸುವುದು ಸ್ಥಳೀಯ ಚರಿತ್ರೆಯ ಅಧ್ಯಯನಕಾರರಿಗೆ ಉಪಯುಕ್ತವಾದೀತು. ಈ ಉದ್ದೇಶದಿಂದ ಕಾನ್ಸಾಸ್ ರಾಜ್ಯದ ಚೇಸ್ ಕೌಂಟಿಯನ್ನು ಇಲ್ಲಿ ಆರಿಸಿಕೊಳ್ಳಲಾಗಿದೆ.

ಸುಮಾರು ಎರಡು ಸಾವಿರ ಚದರ ಕಿಲೋಮೀಟರ್ ವಿಸ್ತಾರದ ಈ ಕೌಂಟಿಯಲ್ಲಿ ಇಂದು ವಾಸಿಸುತ್ತಿರುವವರು ಎರಡೂವರೆ ಸಾವಿರದಷ್ಟು ಜನ ಮಾತ್ರ. ನಮ್ಮ ಲೆಕ್ಕದಲ್ಲಿ ಒಂದು ತಾಲ್ಲೂಕಿಗಿಂತ ದೊಡ್ಡದಾದ ನೆಲ, ಒಂದು ಮಧ್ಯಮ ಗಾತ್ರದ ಹಳ್ಳಿಗಿಂತ ಹೆಚ್ಚಿಲ್ಲದ ಜನಸಂಖ್ಯೆ. ಆದರೂ ಈ ಕೌಂಟಿಯ ಕುರಿತು ವಿಲಿಯಂ ಲೀಸ್ಟ್ ಹೀಟ್‌ಮೂನ್ ಎಂಬ ಲೇಖಕ 1991ರಲ್ಲಿ ‘ಪ್ರೈರಿಅರ್ಥ್’ ಎಂಬ ಆರು ನೂರಕ್ಕೂ ಹೆಚ್ಚು ಪುಟಗಳ ಗ್ರಂಥವನ್ನು ಪ್ರಕಟಿಸಿದರು. ಭೂಮಾಪನ ಇಲಾಖೆಯ ಹನ್ನೆರಡು ನಕಾಶೆಗಳ ಚೌಕಗಳನ್ನೇ ಅಧ್ಯಾಯ ವಿಭಾಗಗಳನ್ನಾಗಿ ಮಾಡಿಕೊಂಡ ಆ ಕೃತಿಯನ್ನು ಅವರು ‘ಆಳದ ನಕಾಶೆ’ ಎಂಬ ಅರ್ಥದ ಹೆಸರಿನಿಂದ ಕರೆದರು. ಒಂದು ಪುಟ್ಟ ಪ್ರದೇಶವನ್ನು ಪದರಪದರವಾಗಿ ಬಿಡಿಸಿ ನೋಡುವ ಈ ವಿಧಾನವು ಅನಂತರದ ಸ್ಥಳಕೇಂದ್ರಿತ ಬರವಣಿಗೆಗೆ ಒಂದು ಮಾದರಿಯಾಯಿತು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಚೇಸ್ ಕೌಂಟಿಯ ಹೆಸರು ಪರಿಚಿತವಾಗಿದ್ದರೆ ಅದು ಬಹುಮಟ್ಟಿಗೆ ಈ ಗ್ರಂಥದ ಮೂಲಕವೇ.

ನೆಲದ ಗುಣ

ಚೇಸ್ ಕೌಂಟಿಯು ಫ್ಲಿಂಟ್ ಹಿಲ್ಸ್ ಎಂಬ ಗುಡ್ಡಸಾಲಿನ ನಡುವೆ ಇದೆ. ಫ್ಲಿಂಟ್ ಎಂದರೆ ಚಕಮಕಿ ಕಲ್ಲು. 1806ರಲ್ಲಿ ಈ ಮಾರ್ಗವಾಗಿ ಸಾಗಿದ ಝೆಬುಲನ್ ಪೈಕ್ ಎಂಬ ಸೇನಾಧಿಕಾರಿಯ ದಿನಚರಿಯಲ್ಲಿ ಈ ಹೆಸರಿನ ಮೂಲವನ್ನು ಗುರುತಿಸುತ್ತಾರೆ. ಇಲ್ಲಿಯ ಗುಡ್ಡಗಳು ಸುಣ್ಣಕಲ್ಲಿನ ಮತ್ತು ಜೇಡಿಪದರಗಲ್ಲಿನ ಸ್ತರಗಳಿಂದಾದವು. 27 ಕೋಟಿ ವರ್ಷಗಳಿಗೂ ಹಿಂದೆ, ಪರ್ಮಿಯನ್ ಯುಗದಲ್ಲಿ, ಆಳವಿಲ್ಲದ ಸಮುದ್ರಗಳ ತಳದಲ್ಲಿ ಕೂಡಿದ ಕೆಸರು ಮತ್ತು ಜೀವಿಗಳ ಚಿಪ್ಪುಗಳು ಗಟ್ಟಿಯಾಗಿ ಈ ಸ್ತರಗಳು ರೂಪುಗೊಂಡವು. ಇವುಗಳಲ್ಲಿ ‘ಕಾಟನ್‌ವುಡ್ ಸುಣ್ಣಕಲ್ಲು’ ಎಂದು ಭೂವಿಜ್ಞಾನಿಗಳು ಹೆಸರಿಸಿರುವ ಸ್ತರವು ಕಟ್ಟೋಣಕ್ಕೆ ಅತ್ಯಂತ ಅನುಕೂಲವಾದುದು. ಅದನ್ನು ದೊಡ್ಡ ದೊಡ್ಡ ದಿಮ್ಮಿಗಳಾಗಿ ಸೀಳಬಹುದು, ಬಣ್ಣ ತಿಳಿಗೆನೆಯದು. ಹತ್ತಿರದಿಂದ ನೋಡಿದರೆ ಗೋಧಿ ಕಾಳಿನ ಆಕಾರದ ಸಣ್ಣ ಸಣ್ಣ ಪಳೆಯುಳಿಕೆಗಳು ಅದರ ಮೈತುಂಬ ಕಾಣುತ್ತವೆ.

ಈ ಕಲ್ಲು ಕೌಂಟಿಯ ಚರಿತ್ರೆಯನ್ನು ಎರಡು ರೀತಿಯಲ್ಲಿ ನಿರ್ಧರಿಸಿತು. ಮೊದಲನೆಯದು, ಗುಡ್ಡಗಳ ಮೇಲೆ ಮಣ್ಣಿನ ಪದರ ತೆಳುವಾಗಿರುವುದರಿಂದಲೂ ಅದರ ತುಂಬ ಚಕಮಕಿ ಕಲ್ಲಿನ ಚೂರುಗಳಿರುವುದರಿಂದಲೂ ನೇಗಿಲು ಅಲ್ಲಿ ನಡೆಯಲಿಲ್ಲ. ಉತ್ತರ ಅಮೆರಿಕದ ಮಧ್ಯಭಾಗದಲ್ಲಿ ಒಂದು ಕಾಲಕ್ಕೆ ಸುಮಾರು 17 ಕೋಟಿ ಎಕರೆಗಳಷ್ಟು ಎತ್ತರದ ಹುಲ್ಲಿನ ಬಯಲು ಹರಡಿತ್ತು. ಅದರಲ್ಲಿ ಇಂದು ಉಳಿದಿರುವುದು ಶೇಕಡ ನಾಲ್ಕಕ್ಕಿಂತ ಕಡಿಮೆ. ಉಳಿದುದೆಲ್ಲ ಉಳುಮೆಗೆ ಸಿಕ್ಕಿ ಜೋಳದ, ಗೋಧಿಯ ಹೊಲವಾಯಿತು. ಹಾಗೆ ಉಳಿದ ಅಲ್ಪ ಭಾಗದ ಬಹುಪಾಲು ಫ್ಲಿಂಟ್ ಹಿಲ್ಸ್‌ನಲ್ಲಿಯೇ ಇದೆ. ಎರಡನೆಯದು, ಈ ಹುಲ್ಲುಗಾವಲಿನಲ್ಲಿ ಮರಗಳು ವಿರಳ. ಕಾಟನ್‌ವುಡ್ ನದಿಯ ಮತ್ತು ಅದನ್ನು ಕೂಡುವ ಹಳ್ಳಗಳ ದಡಗಳಲ್ಲಿ ಮಾತ್ರ ಮರದ ತೋಪುಗಳಿದ್ದವು. ಮೊದಲು ಬಂದವರು ಆ ಮರಗಳನ್ನು ಕಡಿದು ದಿಮ್ಮಿಯ ಗುಡಿಸಲುಗಳನ್ನು ಕಟ್ಟಿಕೊಂಡರು. ನೆಲೆನಿಂತ ಮೇಲೆ ಕೈಗೆ ಸಿಗುತ್ತಿದ್ದುದು ಕಲ್ಲೇ. ಹುಲ್ಲನ್ನು ನೇಗಿಲಿನಿಂದ ಕಾಪಾಡಿದ ಕಲ್ಲೇ ಮನುಷ್ಯರ ಗೋಡೆಗಳಿಗೂ ಒದಗಿತು. ಕೌಂಟಿಯ ಎಲ್ಲ ಮುಖ್ಯ ಕಟ್ಟಡಗಳೂ ಈ ಒಂದು ಸಂಗತಿಯಿಂದ ಹುಟ್ಟಿದವು ಎನ್ನಬಹುದು.

ಕೋರ್ಟ್‌ಹೌಸ್

ಚೇಸ್ ಕೌಂಟಿ ಸ್ಥಾಪನೆಯಾದದ್ದು 1859ರಲ್ಲಿ. ಕಾನ್ಸಾಸ್ ಇನ್ನೂ ರಾಜ್ಯವಾಗಿರಲಿಲ್ಲ. ಗುಲಾಮಗಿರಿಯ ವಿರೋಧಿಯೆಂದು ಪ್ರಸಿದ್ಧನಾಗಿದ್ದ, ಅನಂತರ ಲಿಂಕನ್ ಸರಕಾರದ ಹಣಕಾಸು ಕಾರ್ಯದರ್ಶಿಯೂ ಅಮೆರಿಕದ ಮುಖ್ಯ ನ್ಯಾಯಾಧೀಶನೂ ಆದ ಸಾಲ್ಮನ್ ಚೇಸ್‌ನ ಹೆಸರನ್ನು ಅದಕ್ಕೆ ಇಟ್ಟರು. ಆಡಳಿತ ಕೇಂದ್ರ ಕಾಟನ್‌ವುಡ್ ಫಾಲ್ಸ್ ಎಂಬ ಊರು. 1870ರಲ್ಲಿ ಇಡೀ ಕೌಂಟಿಯ ಜನಸಂಖ್ಯೆ ಸುಮಾರು ಎರಡು ಸಾವಿರ. ಇಷ್ಟು ಜನರ ಕೌಂಟಿಯು ಮರು ವರ್ಷವೇ ಒಂದು ಭವ್ಯ ಕಟ್ಟಡವನ್ನು ಆರಂಭಿಸಿ, ನಲವತ್ತು ಸಾವಿರ ಡಾಲರಿಗೂ ಮಿಗಿಲಾದ ವೆಚ್ಚದಲ್ಲಿ 1873ರಲ್ಲಿ ಮುಗಿಸಿತು. ಇಂದಿಗೂ ಅದೇ ಉದ್ದೇಶಕ್ಕೆ ಬಳಕೆಯಲ್ಲಿರುವ ಕೋರ್ಟ್‌ಹೌಸುಗಳಲ್ಲಿ ಕಾನ್ಸಾಸ್ ರಾಜ್ಯದ ಮಟ್ಟಿಗೆ ಇದೇ ಅತ್ಯಂತ ಹಳೆಯದು.

ಇದರ ವಾಸ್ತುಶಿಲ್ಪಿ ಜಾನ್ ಜಿ. ಹ್ಯಾಸ್ಕೆಲ್. ಟೊಪೀಕಾದ ರಾಜ್ಯ ಶಾಸನಭವನದ ನಿರ್ಮಾಣದಲ್ಲಿಯೂ ಪಾತ್ರ ವಹಿಸಿದವನು ಈತ. ಅವನು ಆರಿಸಿಕೊಂಡದ್ದು ಫ್ರಾನ್ಸಿನಿಂದ ಬಂದ ‘ಸೆಕೆಂಡ್ ಎಂಪೈರ್’ ಶೈಲಿ. ಈ ಶೈಲಿಯ ಮುಖ್ಯ ಲಕ್ಷಣ ಅದರ ಛಾವಣಿ. ಹದಿನೇಳನೆಯ ಶತಮಾನದ ಫ್ರೆಂಚ್ ಶಿಲ್ಪಿ ಫ್ರಾನ್ಸ್ವಾ ಮಾನ್ಸಾರ್‌ನ ಹೆಸರಿನಿಂದ ‘ಮ್ಯಾನ್ಸಾರ್ಡ್’ ಎಂದು ಕರೆಯುವ ಈ ಛಾವಣಿಯ ಕೆಳಭಾಗವು ಗೋಡೆಯಂತೆ ಬಹುಪಾಲು ಕಡಿದಾಗಿದ್ದು, ಮೇಲ್ಭಾಗವು ಬಹುತೇಕ ಸಮತಟ್ಟಾಗಿರುತ್ತದೆ. ಕಡಿದಾದ ಭಾಗದಲ್ಲಿ ಕಿಟಕಿಗಳನ್ನು ಕೂರಿಸಿದರೆ ಛಾವಣಿಯ ಒಳಗೇ ಇನ್ನೊಂದು ಅಂತಸ್ತು ದೊರೆಯುತ್ತದೆ. ಮೂರನೆಯ ನೆಪೋಲಿಯನ್ನನ ಆಳ್ವಿಕೆಯಲ್ಲಿ ಪ್ಯಾರಿಸ್ಸಿನ ಸರಕಾರಿ ಕಟ್ಟಡಗಳಲ್ಲಿ ಈ ರೂಪ ಮತ್ತೆ ಪ್ರಚಾರಕ್ಕೆ ಬಂದು ಅಟ್ಲಾಂಟಿಕ್ ದಾಟಿತು. ಆ ಚಕ್ರಾಧಿಪತ್ಯ ಕುಸಿದದ್ದು 1870ರಲ್ಲಿ. ಹುಲ್ಲುಗಾವಲಿನ ನಡುವಿನ ಈ ಊರಿನಲ್ಲಿ ಅದರ ಹೆಸರಿನ ಶೈಲಿಯ ಕಟ್ಟಡಕ್ಕೆ ಅಡಿಪಾಯ ಹಾಕುವ ಹೊತ್ತಿಗೆ ಮೂಲ ಚಕ್ರಾಧಿಪತ್ಯವೇ ಇರಲಿಲ್ಲ.

ಗೋಡೆಗಳು ಸ್ಥಳೀಯ ಸುಣ್ಣಕಲ್ಲಿನವು. ಒಳಗೆ ಮೂರು ಅಂತಸ್ತಿಗೆ ಏರುವ ಸುರುಳಿ ಮೆಟ್ಟಿಲು ಕಾಟನ್‌ವುಡ್ ನದಿಯ ದಡದಲ್ಲಿ ಬೆಳೆದ ಕರಿ ವಾಲ್‌ನಟ್ ಮರದ್ದು. ಶೈಲಿ ಪರದೇಶದ್ದು, ಕಲ್ಲು ಮತ್ತು ಮರ ಊರಿನವು. ಇಟ್ಟಿಗೆ ಹಾಸಿದ ಮುಖ್ಯ ಬೀದಿಯ ತುದಿಯಲ್ಲಿ, ಬೀದಿಯ ದೃಷ್ಟಿಯೆಲ್ಲ ತನ್ನಲ್ಲಿಯೇ ಕೊನೆಗೊಳ್ಳುವಂತೆ ಈ ಕಟ್ಟಡ ನಿಂತಿದೆ.

ಎರಡು ಸಾವಿರ ಜನರಿಗೆ ಇಷ್ಟು ದೊಡ್ಡ ಕಟ್ಟಡ ಏಕೆ ಬೇಕಾಯಿತು? ಇದಕ್ಕೆ ಆ ಕಾಲದ ಸನ್ನಿವೇಶದಲ್ಲಿ ಉತ್ತರವಿದೆ. ಹೊಸದಾಗಿ ನೆಲೆಯೂರುತ್ತಿದ್ದ ಪಶ್ಚಿಮದ ಕೌಂಟಿಗಳಲ್ಲಿ ಆಡಳಿತ ಕೇಂದ್ರದ ಸ್ಥಾನಕ್ಕಾಗಿ ಊರು ಊರುಗಳ ನಡುವೆ ತೀವ್ರ ಪೈಪೋಟಿಯಿತ್ತು. ಕಾನ್ಸಾಸಿನ ಕೆಲವು ಕೌಂಟಿಗಳಲ್ಲಿ ಅದು ರಕ್ತಪಾತಕ್ಕೂ ಹೋಯಿತು. ಚೇಸ್ ಕೌಂಟಿಯ ಆರಂಭದ ನೆಲೆಸಿಗರಲ್ಲಿ ಒಬ್ಬನೂ ಪತ್ರಿಕೋದ್ಯಮಿಯೂ ಆಗಿದ್ದ ಸ್ಯಾಮ್ಯುಯೆಲ್ ವುಡ್ ಎಂಬವನು 1891ರಲ್ಲಿ ರಾಜ್ಯದ ಇನ್ನೊಂದು ಮೂಲೆಯಲ್ಲಿ ಇಂಥದೇ ಜಗಳದ ಮುಂದುವರಿಕೆಯಾಗಿ ಗುಂಡಿಗೆ ಬಲಿಯಾದನು. ಜೊತೆಗೆ 1871ರಲ್ಲಿ ಸಾಂಟಾ ಫೆ ರೈಲುಮಾರ್ಗವು ಕಾಟನ್‌ವುಡ್ ಫಾಲ್ಸ್ ಊರನ್ನು ಮುಟ್ಟದೆ ನದಿಯ ಉತ್ತರಕ್ಕೆ ಸಾಗಿತು. ಅಲ್ಲಿ ಬೆಳೆದ ನಿಲ್ದಾಣದ ಊರಿಗೆ ಅನಂತರ ರೈಲ್ವೆ ಅಧ್ಯಕ್ಷನ ಹೆಸರಿನಿಂದ ಸ್ಟ್ರಾಂಗ್ ಸಿಟಿ ಎಂಬ ಹೆಸರಾಯಿತು. ರೈಲು ತಪ್ಪಿದ ಊರೊಂದು ತನ್ನ ಸ್ಥಾನವನ್ನು ಉಳಿಸಿಕೊಳ್ಳಲು ಕಲ್ಲಿನ ಕೋರ್ಟ್‌ಹೌಸಿಗಿಂತ ಗಟ್ಟಿಯಾದ ವಾದ ಬೇರೆ ಇರಲಿಲ್ಲ.

ಕಲ್ಲುಗಣಿಯಿಂದ ಕಮಾನಿನವರೆಗೆ

ರೈಲು ಬಂದ ಮೇಲೆ ಈ ಕಲ್ಲಿಗೆ ಕೌಂಟಿಯ ಹೊರಗೂ ಮಾರುಕಟ್ಟೆ ತೆರೆಯಿತು. ಸ್ಟ್ರಾಂಗ್ ಸಿಟಿಯ ಸುತ್ತ ಗಣಿಗಳು ತಲೆಯೆತ್ತಿದವು. ಬಾರ್ನಿ ಲ್ಯಾಂಟ್ರಿ ಎಂಬ ಗುತ್ತಿಗೆದಾರನು ಸಾಂಟಾ ಫೆ ರೈಲ್ವೆಯ ಕಾಮಗಾರಿಗಳಿಗೆ ಕಲ್ಲನ್ನು ಒದಗಿಸಿ ದೊಡ್ಡ ಸಂಪತ್ತನ್ನು ಗಳಿಸಿದನು. ಟೊಪೀಕಾದ ಶಾಸನಭವನದ ಪಶ್ಚಿಮ ಭಾಗಕ್ಕೂ ಕಾಟನ್‌ವುಡ್ ಸುಣ್ಣಕಲ್ಲು ಬಳಕೆಯಾಯಿತು. ಸೀಡರ್ ಪಾಯಿಂಟ್ ಎಂಬಲ್ಲಿ ನದಿಯ ನೀರಿನ ಬಲದಿಂದ ನಡೆಯುವ ಕಲ್ಲಿನ ಹಿಟ್ಟಿನ ಗಿರಣಿ, ಕ್ಲೆಮೆಂಟ್ಸ್ ಎಂಬಲ್ಲಿ 1880ರ ದಶಕದಲ್ಲಿ ನದಿಯನ್ನು ದಾಟಲು ಕಟ್ಟಿದ ಜೋಡಿ ಕಮಾನಿನ ಸೇತುವೆ ಈ ಕಾಲದ ಕುಶಲತೆಗೆ ಸಾಕ್ಷಿಯಾಗಿವೆ. ಕ್ಲೆಮೆಂಟ್ಸ್ ಸೇತುವೆಯಲ್ಲಿ ವಾಹನ ಸಂಚಾರ ನಿಂತಿದೆ; ಕಮಾನುಗಳು ಮಾತ್ರ ತಮ್ಮ ಭಾರವನ್ನು ತಾವೇ ಹೊತ್ತು ನಿಂತಿವೆ.

ಈ ಕಲ್ಲಿನ ಸಂಸ್ಕೃತಿಗೆ ಕಾನೂನಿನ ಒತ್ತಾಸೆಯೂ ಇತ್ತು. ದನಗಳನ್ನು ಎಲ್ಲೆಂದರಲ್ಲಿ ಮೇಯಬಿಡುವ ಪದ್ಧತಿಯನ್ನು ನಿಲ್ಲಿಸುವ ಸಲುವಾಗಿ ಕಾನ್ಸಾಸ್ ಶಾಸನಸಭೆಯು 1867ರಲ್ಲಿ ಒಂದು ಕಾಯಿದೆ ಮಾಡಿತು. ನಾಲ್ಕೂವರೆ ಅಡಿ ಎತ್ತರದ ಕಲ್ಲಿನ ಬೇಲಿಯನ್ನು ಕಟ್ಟಿ ಕಾಪಾಡಿಕೊಳ್ಳುವ ಭೂಮಾಲಿಕರಿಗೆ ಹದಿನಾರೂವರೆ ಅಡಿಗೆ ನಲವತ್ತು ಸೆಂಟುಗಳಂತೆ ಹಣ ಕೊಡುವ ಏರ್ಪಾಡು ಅದರಲ್ಲಿತ್ತು. ಗಾರೆಯಿಲ್ಲದೆ, ಕಲ್ಲಿನ ಮೇಲೆ ಕಲ್ಲನ್ನು ಹೊಂದಿಸಿ ಒಣಗೋಡೆಯಾಗಿ ಕಟ್ಟಿದ ಈ ಬೇಲಿಗಳು ಗುಡ್ಡಗಳ ಏರಿಳಿತವನ್ನು ಅನುಸರಿಸಿ ಮೈಲಿಗಟ್ಟಲೆ ಸಾಗುತ್ತವೆ. ಮುಳ್ಳುತಂತಿ ಅಗ್ಗವಾಗಿ ದೊರೆಯತೊಡಗಿದ ಮೇಲೆ ಹೊಸ ಬೇಲಿಗಳ ನಿರ್ಮಾಣ ಕುಗ್ಗಿತು.

ಸ್ಪ್ರಿಂಗ್ ಹಿಲ್

ಕೌಂಟಿಯ ಅತ್ಯಂತ ಪ್ರಸಿದ್ಧ ವಸತಿ ಕಟ್ಟಡವೆಂದರೆ ಸ್ಪ್ರಿಂಗ್ ಹಿಲ್ ರ‍್ಯಾಂಚಿನ ಮನೆ. 1878ರಲ್ಲಿ ಇಲ್ಲಿಗೆ ಬಂದ ಸ್ಟೀಫನ್ ಜೋನ್ಸ್ ಮತ್ತು ಲೂಯಿಸಾ ದಂಪತಿಗಳು 1881ರಲ್ಲಿ ಇದನ್ನು ಕಟ್ಟಿಸಿದರು. ಹನ್ನೊಂದು ಕೋಣೆಗಳ ಈ ಮನೆಗೂ ಕೋರ್ಟ್‌ಹೌಸಿನಂತೆಯೇ ಮ್ಯಾನ್ಸಾರ್ಡ್ ಛಾವಣಿ ಇದೆ. ಸರಕಾರದ ಅಧಿಕಾರವನ್ನು ಸೂಚಿಸಿದ ರೂಪವು ಎಂಟೇ ವರ್ಷಗಳಲ್ಲಿ ಖಾಸಗಿ ಐಶ್ವರ್ಯದ ಗುರುತಾಗಿ ಬದಲಾದದ್ದನ್ನು ಇಲ್ಲಿ ಕಾಣಬಹುದು. ಮನೆಯನ್ನು ಗುಡ್ಡದ ಇಳಿಜಾರನ್ನು ಕಡಿದು, ಅದಕ್ಕೆ ಒರಗಿಸಿದಂತೆ ಕಟ್ಟಲಾಗಿದೆ. ಮೇಲಿನ ಚಿಲುಮೆಯ ನೀರು ಮನೆಗೆ ಒದಗುತ್ತಿತ್ತು. ಹೆಸರು ಬಂದದ್ದೂ ಅದರಿಂದಲೇ.

ಕಟ್ಟಡಕಲೆಯ ದೃಷ್ಟಿಯಿಂದ ಮನೆಗಿಂತ ಅದರ ಪಕ್ಕದ ಕೊಟ್ಟಿಗೆಯೇ ಹೆಚ್ಚು ವಿಚಾರಯೋಗ್ಯ. 110 ಅಡಿ ಉದ್ದ, 60 ಅಡಿ ಅಗಲದ, ಮೂರು ಅಂತಸ್ತಿನ ಈ ಕಲ್ಲಿನ ಕೊಟ್ಟಿಗೆಯನ್ನೂ ಗುಡ್ಡದೊಳಗೆ ಹೊಂದಿಸಿದ್ದಾರೆ. ಇಳಿಜಾರಿನ ಕೆಳಭಾಗದಿಂದ ದನಗಳು ನೆಲಮಟ್ಟಕ್ಕೆ ಬರುತ್ತವೆ. ಮೇಲ್ಭಾಗದಲ್ಲಿ ಮಣ್ಣಿನ ಏರುದಾರಿಗಳಿದ್ದು ಹುಲ್ಲು ಹೇರಿದ ಗಾಡಿಗಳು ನೇರವಾಗಿ ಮೇಲಿನ ಅಂತಸ್ತನ್ನು ಪ್ರವೇಶಿಸಬಹುದು. ಮೇವನ್ನು ಮೇಲಕ್ಕೆ ಎತ್ತುವ ಶ್ರಮವಿಲ್ಲ, ಮೇಲಿನಿಂದ ಕೆಳಕ್ಕೆ ನೂಕಿದರೆ ಸಾಕು. ಗುಡ್ಡದ ಆಕಾರವನ್ನೇ ಯಂತ್ರದಂತೆ ಬಳಸಿಕೊಂಡ ಈ ಯೋಜನೆಯಲ್ಲಿ ಅಲಂಕಾರ ಕಡಿಮೆ, ವಿವೇಕ ಹೆಚ್ಚು. ಮಂಜುಗಡ್ಡೆಯ ಕೋಣೆ, ಮಾಂಸ ಹದಮಾಡುವ ಕೋಣೆ, ಕೋಳಿಮನೆ, ಶೌಚಗೃಹ ಮೊದಲಾದ ಉಪಕಟ್ಟಡಗಳೂ ಕಲ್ಲಿನವೇ. 1888ರಲ್ಲಿ ಜೋನ್ಸ್ ಈ ಆಸ್ತಿಯನ್ನು ಮಾರಿದಾಗ ಕೊಂಡವನು ಅದೇ ಬಾರ್ನಿ ಲ್ಯಾಂಟ್ರಿ. ಕಲ್ಲಿನ ವ್ಯಾಪಾರಿಯ ಕೈಗೆ ಕಲ್ಲಿನ ಮನೆ ಸೇರಿತು.

ಇದರ ಸಮೀಪದ ಗುಡ್ಡದ ಮೇಲೆ ಲೋಯರ್ ಫಾಕ್ಸ್ ಕ್ರೀಕ್ ಶಾಲೆ ಇದೆ. ಜೋನ್ಸ್ ಕೊಟ್ಟ ಜಾಗದಲ್ಲಿ 1882ರಲ್ಲಿ ಕಟ್ಟಿದ ಒಂದೇ ಕೋಣೆಯ ಕಲ್ಲಿನ ಕಟ್ಟಡ. ಸುತ್ತಲಿನ ಎಲ್ಲ ತರಗತಿಗಳ ಮಕ್ಕಳಿಗೂ ಒಬ್ಬರೇ ಉಪಾಧ್ಯಾಯರು. 1930ರ ಹೊತ್ತಿಗೆ ಶಾಲೆ ಮುಚ್ಚಿತು, ಜಾಗ ರ‍್ಯಾಂಚಿಗೆ ಮರಳಿತು. ಅನಂತರ ಸ್ಥಳೀಯ ತೋಟಗಾರಿಕೆ ಕ್ಲಬ್ಬುಗಳವರು ಅದನ್ನು ದುರಸ್ತಿ ಮಾಡಿ ಉಳಿಸಿದರು. ಮಕ್ಕಳಿಲ್ಲದ ಶಾಲೆಯನ್ನು ಜನರೇ ಮುಂದೆ ನಿಂತು ಉಳಿಸಿಕೊಂಡದ್ದು ಈ ಕೌಂಟಿಯ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ.

ಕಲ್ಲು ಹೇಳದ ಮಾತು

ಇಲ್ಲಿಯವರೆಗಿನ ವಿವರಣೆಯು ಪ್ರವಾಸಿ ಕೈಪಿಡಿಗಳಲ್ಲಿಯೂ ಸಿಗುವಂಥದು. ಚರಿತ್ರೆಯ ವಿದ್ಯಾರ್ಥಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕಾಗುತ್ತದೆ. ಕೋರ್ಟ್‌ಹೌಸ್ ಪೂರ್ಣಗೊಂಡ 1873ನೆಯ ವರ್ಷದಲ್ಲಿಯೇ ಉತ್ತರದ ನೆರೆಯ ಮಾರಿಸ್ ಕೌಂಟಿಯಲ್ಲಿದ್ದ ಕಾ ಅಥವಾ ಕಾನ್ಸಾ ಜನಾಂಗವನ್ನು ಅಲ್ಲಿಂದ ತೆರವು ಮಾಡಿಸಿ ದಕ್ಷಿಣಕ್ಕೆ, ಇಂದಿನ ಒಕ್ಲಹೋಮಕ್ಕೆ ಕಳುಹಿಸಲಾಯಿತು. ಕಾನ್ಸಾಸ್ ಎಂಬ ಹೆಸರು ಬಂದದ್ದೇ ಈ ಜನರಿಂದ. 1846ರ ಒಪ್ಪಂದದಿಂದ ಕೌನ್ಸಿಲ್ ಗ್ರೋವ್ ಸುತ್ತಮುತ್ತಲ ನೆಲಕ್ಕೆ ಸೀಮಿತರಾದ ಅವರ ಜಾಗವನ್ನು 1859ರ ಇನ್ನೊಂದು ಒಪ್ಪಂದವು ಮತ್ತಷ್ಟು ಕುಗ್ಗಿಸಿತ್ತು.

ಈ ಪ್ರಸಂಗದಲ್ಲಿಯೂ ಕಲ್ಲಿನ ಕಟ್ಟಡಗಳಿವೆ. 1860ರ ದಶಕದ ಆರಂಭದಲ್ಲಿ ಸರಕಾರವು ಕಾ ಜನರಿಗಾಗಿ 138 ಸಣ್ಣ ಕಲ್ಲಿನ ಮನೆಗಳನ್ನು ಕಟ್ಟಿಸಿತು. ಅದರ ವೆಚ್ಚವನ್ನು ಅವರದೇ ಭೂಮಿಯ ಮಾರಾಟದ ಲೆಕ್ಕಕ್ಕೆ ಸೇರಿಸಲಾಯಿತು. ಅವರನ್ನು ಒಂದೆಡೆ ನಿಲ್ಲಿಸಿ ಬೇಸಾಯಗಾರರನ್ನಾಗಿ ಮಾಡಬೇಕೆಂಬುದು ಉದ್ದೇಶ. ಕಾ ಜನರು ಆ ಮನೆಗಳಲ್ಲಿ ವಾಸಿಸಲು ಒಪ್ಪಲಿಲ್ಲ. ಬಹುಪಾಲು ಜನ ತಮ್ಮ ಪದ್ಧತಿಯ ವಸತಿಗಳಲ್ಲಿಯೇ ಉಳಿದು, ಕಲ್ಲಿನ ಮನೆಗಳನ್ನು ಕುದುರೆ ಕಟ್ಟುವುದಕ್ಕೆ ಬಳಸಿದರು. ಇಂದು ಅವುಗಳಲ್ಲಿ ಮೂರರ ಅವಶೇಷಗಳು ಕೌನ್ಸಿಲ್ ಗ್ರೋವ್ ಸಮೀಪದ ಉದ್ಯಾನವೊಂದರಲ್ಲಿ ಉಳಿದಿವೆ. ತೆರವಿನ ವಿರುದ್ಧ ಕೊನೆಯವರೆಗೂ ವಾದಿಸಿದ ನಾಯಕ ಅಲೆಗಾವಾಹೊ ಎಂಬವನ ಹೆಸರನ್ನು ಆ ಉದ್ಯಾನಕ್ಕೆ ಇಡಲಾಗಿದೆ. ಆ ನೆಲವನ್ನು ಕಾ ಜನಾಂಗವೇ ಹಣ ಕೊಟ್ಟು ಮರಳಿ ಕೊಂಡುಕೊಂಡಿದೆ.

ಒಂದೇ ಸೀಮೆ, ಒಂದೇ ಬಗೆಯ ಕಲ್ಲು, ಹೆಚ್ಚುಕಡಿಮೆ ಒಂದೇ ಕಾಲ. ಒಂದು ಕಡೆ ಜನರು ತಾವೇ ಬಯಸಿ, ಸಾಮರ್ಥ್ಯ ಮೀರಿ ಕಟ್ಟಿದ ಕೋರ್ಟ್‌ಹೌಸ್. ಇನ್ನೊಂದು ಕಡೆ ಬೇರೆಯವರು ನಿರ್ಧರಿಸಿ, ವಾಸಿಸಬೇಕಾದವರ ತಲೆಯ ಮೇಲೆ ವೆಚ್ಚ ಹೊರಿಸಿ ಕಟ್ಟಿದ ಮನೆಗಳು. ಮೊದಲನೆಯದು ನೂರೈವತ್ತು ವರ್ಷಗಳಿಂದ ಬಳಕೆಯಲ್ಲಿದೆ. ಎರಡನೆಯವು ಕಟ್ಟಿದ ದಿನದಿಂದಲೇ ಬಿಕೋ ಎನ್ನುತ್ತಿದ್ದವು. ಕಟ್ಟಡದ ಆಯುಸ್ಸನ್ನು ಕಲ್ಲಿನ ಗಟ್ಟಿತನವೊಂದೇ ನಿರ್ಧರಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇದೇ ಪ್ರಶ್ನೆಯನ್ನು ದುಡಿಮೆಗಾರರ ವಿಷಯದಲ್ಲಿಯೂ ಕೇಳಬೇಕು. ಗಣಿಯಲ್ಲಿ ಕಲ್ಲು ಒಡೆದವರ, ಹಳಿ ಹಾಕಿದವರ ಗುಡಿಸಲುಗಳು ಮರದ ಹಲಗೆಯವಾಗಿದ್ದುದರಿಂದ ಬಹುಪಾಲು ಅಳಿದವು. ಮ್ಯಾಟ್‌ಫೀಲ್ಡ್ ಗ್ರೀನ್ ಎಂಬ ಹಳ್ಳಿಯಲ್ಲಿ ಸಾಂಟಾ ಫೆ ರೈಲ್ವೆಯ ಕಾರ್ಮಿಕರಿಗಾಗಿ ಕಟ್ಟಿದ್ದ ವಸತಿ ಕಟ್ಟಡವೊಂದು ಪಾಳುಬಿದ್ದು, ಅನಂತರ ದುರಸ್ತಿಗೊಂಡು ಈಗ ಅತಿಥಿಗಳ ತಂಗುದಾಣವಾಗಿದೆ. ಅದು ಅಪವಾದ. ಸಾಮಾನ್ಯವಾಗಿ ‘ಐತಿಹಾಸಿಕ’ ಎಂಬ ಪಟ್ಟ ದೊರೆಯುವುದು ಉಳಿದ ಕಟ್ಟಡಗಳಿಗೆ, ಉಳಿಯುವುದು ಉಳ್ಳವರ ಕಟ್ಟಡಗಳು.

ಸಂರಕ್ಷಣೆಯ ವಿವಾದ

1966ರಲ್ಲಿ ಅಮೆರಿಕದ ಸಂಸತ್ತು ಐತಿಹಾಸಿಕ ಸ್ಮಾರಕಗಳ ಸಂರಕ್ಷಣಾ ಕಾಯಿದೆಯನ್ನು ಅಂಗೀಕರಿಸಿ ಒಂದು ರಾಷ್ಟ್ರೀಯ ಯಾದಿಯನ್ನು ಏರ್ಪಡಿಸಿತು. ಚೇಸ್ ಕೌಂಟಿಯ ಕೋರ್ಟ್‌ಹೌಸ್ ಮತ್ತು ಸ್ಪ್ರಿಂಗ್ ಹಿಲ್ ಎರಡೂ 1971ರಲ್ಲಿ ಈ ಯಾದಿಗೆ ಸೇರಿದವು. ಆದರೆ ಹುಲ್ಲುಗಾವಲನ್ನು ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಬೇಕೆಂಬ ಪ್ರಸ್ತಾಪ ಬಂದಾಗ ಪಶುಪಾಲಕರು ತೀವ್ರವಾಗಿ ವಿರೋಧಿಸಿದರು. ಕೇಂದ್ರ ಸರಕಾರ ಒಮ್ಮೆ ಕಾಲಿಟ್ಟರೆ ಸುತ್ತಲಿನ ನೆಲವನ್ನೂ ಸ್ವಾಧೀನಪಡಿಸಿಕೊಂಡೀತೆಂಬ ಅಂಜಿಕೆ ಅವರದು. ದಶಕಗಳ ಚರ್ಚೆಯ ಬಳಿಕ 1996ರಲ್ಲಿ ಒಂದು ರಾಜಿ ಏರ್ಪಟ್ಟಿತು. ಸ್ಪ್ರಿಂಗ್ ಹಿಲ್ ರ‍್ಯಾಂಚಿನ ಸುಮಾರು 10,900 ಎಕರೆಗಳು ‘ಟಾಲ್‌ಗ್ರಾಸ್ ಪ್ರೈರಿ’ ರಾಷ್ಟ್ರೀಯ ಸಂರಕ್ಷಿತ ಪ್ರದೇಶವಾದವು. ಆದರೆ ಅದರಲ್ಲಿ ಸರಕಾರದ ಒಡೆತನಕ್ಕೆ ಬರಬಹುದಾದ ಗರಿಷ್ಠ ನೆಲ 180 ಎಕರೆ ಮಾತ್ರವೆಂದು ಕಾಯಿದೆಯೇ ಮಿತಿ ಹಾಕಿತು. ಉಳಿದ ನೆಲದ ಒಡೆತನ ಖಾಸಗಿ ಸಂರಕ್ಷಣಾ ಸಂಸ್ಥೆಯದು. 1997ರಲ್ಲಿ ರ‍್ಯಾಂಚಿಗೆ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂಬ ಮಾನ್ಯತೆಯೂ ದೊರೆಯಿತು.

ಕಾಪಾಡುವ ವಿಧಾನದಲ್ಲಿಯೂ ಕಲ್ಲಿಗೂ ಹುಲ್ಲಿಗೂ ಅಂತರವಿದೆ. ಕಟ್ಟಡವನ್ನು ಬೆಂಕಿಯಿಂದ, ನೀರಿನಿಂದ ದೂರವಿಡಬೇಕು. ಹುಲ್ಲಿಗೆ ಆಗಾಗ ಬೆಂಕಿಯೇ ಬೇಕು. ಸುಡದಿದ್ದರೆ ಪೊದೆಗಳೂ ಮರಗಳೂ ನುಗ್ಗಿ ಬಯಲು ಬಯಲಾಗಿ ಉಳಿಯುವುದಿಲ್ಲ. ಮೂಲನಿವಾಸಿಗಳು ಬಲ್ಲ ಈ ಕ್ರಮವನ್ನು ಅನಂತರ ಬಂದ ಪಶುಪಾಲಕರೂ ಅನುಸರಿಸಿದರು. ಪ್ರತಿ ವಸಂತದಲ್ಲಿ ಗುಡ್ಡಗಳನ್ನು ಸುಡುತ್ತಾರೆ. ಕೆಲವೇ ವಾರಗಳಲ್ಲಿ ಕರಿಯ ನೆಲದಿಂದ ಹೊಸ ಚಿಗುರು ಏಳುತ್ತದೆ. ಕಾ ಜನರು ಈ ನೆಲದಲ್ಲಿ ಕಲ್ಲಿನ ಕಟ್ಟಡವನ್ನು ಬಿಟ್ಟುಹೋಗಲಿಲ್ಲ. ಅವರ ತಿಳಿವಳಿಕೆ ಹುಲ್ಲನ್ನು ನೋಡಿಕೊಳ್ಳುವ ಈ ಕ್ರಮದಲ್ಲಿ ಉಳಿದಿದೆ ಎಂಬುದನ್ನು ಸಂರಕ್ಷಣೆಯ ಯಾದಿಗಳು ದಾಖಲಿಸುವುದು ಕಷ್ಟ.

1900ರಲ್ಲಿ ಎಂಟು ಸಾವಿರವನ್ನು ದಾಟಿದ್ದ ಕೌಂಟಿಯ ಜನಸಂಖ್ಯೆ ಈಗ 1870ರ ಮಟ್ಟದ ಹತ್ತಿರಕ್ಕೆ ಇಳಿದಿದೆ. ಅಂದು ಎರಡು ಸಾವಿರ ಜನ ಕಟ್ಟಲು ಹೊರಟ ಕೋರ್ಟ್‌ಹೌಸನ್ನು ಇಂದು ಎರಡೂವರೆ ಸಾವಿರ ಜನ ಕಾಪಾಡಿಕೊಳ್ಳಬೇಕಾಗಿದೆ. ಕಟ್ಟಿದವರು ಬೆಳೆಯುವ ಊರನ್ನು ನಂಬಿ ಸಾಲದ ಹೊರೆ ಹೊತ್ತರು. ಈಗಿನವರು ಆ ನಂಬಿಕೆಯಿಲ್ಲದೆಯೇ ದುರಸ್ತಿಯ ಹೊರೆ ಹೊತ್ತಿದ್ದಾರೆ. ಈ ಎರಡನೆಯದು ಮೊದಲನೆಯದಕ್ಕಿಂತ ಕಡಿಮೆಯ ಕೆಲಸವೇನಲ್ಲ.

ಚೇಸ್ ಕೌಂಟಿಯ ಕಟ್ಟಡಗಳನ್ನು ಶೈಲಿಯ ಹೆಸರುಗಳಿಂದ ವರ್ಗೀಕರಿಸಿ ಮುಗಿಸಿದರೆ ಅಧ್ಯಯನ ಅಪೂರ್ಣವಾಗುತ್ತದೆ. ಕಲ್ಲು ಎಲ್ಲಿಂದ ಬಂತು, ಹಣ ಯಾರದು, ಯಾರ ಇಚ್ಛೆಯಿಂದ ಕಟ್ಟಿದರು, ಯಾರು ಅದರೊಳಗೆ ಬಾಳಿದರು, ಯಾರು ಬಾಳಲು ಒಪ್ಪಲಿಲ್ಲ ಎಂಬ ಐದು ಪ್ರಶ್ನೆಗಳನ್ನು ಪ್ರತಿಯೊಂದು ಕಟ್ಟಡಕ್ಕೂ ಕೇಳಬೇಕು. ಸ್ಥಳೀಯ ಚರಿತ್ರೆಯನ್ನು ಬರೆಯಹೊರಟ ಸಂಶೋಧಕರು ಕಾಟನ್‌ವುಡ್ ಫಾಲ್ಸ್‌ನ ಕೋರ್ಟ್‌ಹೌಸನ್ನೂ ಕೌನ್ಸಿಲ್ ಗ್ರೋವ್ ಬಳಿಯ ಮೂರು ಮುರುಕು ಮನೆಗಳನ್ನೂ ಒಂದೇ ಅಧ್ಯಾಯದಲ್ಲಿ ಇಟ್ಟು ಓದಿದಾಗ, ಈ ಸೀಮೆಯ ಕಟ್ಟಡ ಚರಿತ್ರೆ ತನ್ನ ನಿಜವಾದ ಅಳತೆಯಲ್ಲಿ ಕಾಣಿಸುತ್ತದೆ.